ಯಾವ ಎಣ್ಣೆಯಲ್ಲಿ ಕರಿದದ್ದು?

ಶನಿವಾರ ಹತ್ತು ಗಂಟೆಯಾಯಿತೆಂದರೆ ನಮ್ಮೂರಿನ ಗಾಳಿಯಲ್ಲಿ ಎರಡು ವಾಸನೆ. ಒಂದು ಹಸಿಮೆಣಸಿನಕಾಯಿ ಮೂಟೆಗಳದು, ಇನ್ನೊಂದು ಕಾದ ಎಣ್ಣೆಯದು. ಮೊದಲನೆಯದು ಗಂಟಲು ಕೆರೆಯುತ್ತದೆ, ಎರಡನೆಯದು ಹಸಿವನ್ನು ಎಬ್ಬಿಸುತ್ತದೆ. ವಾರದ ಹೆಸರನ್ನೇ ಊರಿನ ಹೆಸರು ಮಾಡಿಕೊಂಡ ಶನಿವಾರಸಂತೆ ಕೊಡಗಿನ ಉತ್ತರದ ಅಂಚಿನಲ್ಲಿದೆ. ಆಚೆ ಕೊಡ್ಲಿಪೇಟೆ, ಅದರಾಚೆ ಹಾಸನ ಜಿಲ್ಲೆ. ಸಂತೆಯ ದಿನ ಇಲ್ಲಿ ಕನ್ನಡ, ಮಲಯಾಳ, ಉರ್ದು, ತುಳು, ಕೊಡವ ತಕ್ಕ್ ಎಲ್ಲವೂ ತಕ್ಕಡಿಯ ಸುತ್ತ ಸೇರುತ್ತವೆ. ವ್ಯಾಪಾರ ಮುಗಿದ ಮೇಲೆ ಎಲ್ಲ ಭಾಷೆಯವರೂ ಬಂದು ನಿಲ್ಲುವ ಜಾಗ ಬೋಂಡದ ಗಾಡಿ.

ಆ ಗಾಡಿಯ ಮುಂದೆ ನಾನು ಚಿಕ್ಕಂದಿನಿಂದ ನಿಂತವಳು. ಗಾಡಿಯವರು ಬದಲಾಗಿದ್ದಾರೆ. ಸೀಮೆಎಣ್ಣೆ ಸ್ಟೌ ಹೋಗಿ ಗ್ಯಾಸ್ ಬಂದಿದೆ. ಹಳೆಯ ದಿನಪತ್ರಿಕೆಯ ಚೂರು ಹೋಗಿ ಕಾಗದದ ತಟ್ಟೆ ಬಂದಿದೆ. ಬದಲಾಗದೆ ಉಳಿದದ್ದು ಗಿರಾಕಿಗಳ ಪ್ರಶ್ನೆ. "ಇದೇ ಎಣ್ಣೇಲಿ ಮೊಟ್ಟೆ ಬೋಂಡ ಬಿಟ್ಟಿದೀರಾ?" ಎಂದು ನಮ್ಮಂಥ ಲಿಂಗಾಯತರ ಮನೆಯವರು ಕೇಳುತ್ತೇವೆ. "ಕಬಾಬಿನ ಕೋಳಿ ಎಲ್ಲಿಂದ ತಂದಿದ್ದು?" ಎಂದು ಮುಸಲ್ಮಾನರು ಕೇಳುತ್ತಾರೆ. "ಎಣ್ಣೆ ಇವತ್ತಿಂದಾ, ನಿನ್ನೇದಾ?" ಎಂದು ಎಲ್ಲರೂ ಕೇಳುತ್ತಾರೆ.

ಕೆಲವು ವರ್ಷಗಳ ಹಿಂದೆ ಒಂದು ಶನಿವಾರ ನಾನು ಆಲೂ ಬೋಂಡಕ್ಕೆಂದು ದುಡ್ಡು ಚಾಚಿದೆ. ಮಳೆ ಹಿಡಿದಿತ್ತು, ಗಿರಾಕಿಗಳು ಕಡಿಮೆ. ಗಾಡಿಯಾತ ದುಡ್ಡು ಮುಟ್ಟಲಿಲ್ಲ. "ಅಕ್ಕಾ, ಇವತ್ತು ನಿಮಗೆ ಬೇಡ. ಬೆಳಿಗ್ಗೆ ಒಂದು ಸಲ ಮೊಟ್ಟೆ ಬೋಂಡ ಇದರಲ್ಲೇ ಬಿಟ್ಟೆ" ಎಂದ. ನಾನು ಕೇಳಿರಲೇ ಇಲ್ಲ. ಹೇಳದಿದ್ದರೆ ನನಗೆ ಗೊತ್ತಾಗುತ್ತಲೂ ಇರಲಿಲ್ಲ. ಮಳೆಯ ದಿನದ ವ್ಯಾಪಾರವನ್ನು ಕೈಯಾರೆ ಬಿಟ್ಟುಕೊಟ್ಟ ಆ ಮನುಷ್ಯನ ಕೈಯ ತಿಂಡಿಯನ್ನು ಅಂದಿನಿಂದ ನಾನು ಪ್ರಶ್ನೆಯಿಲ್ಲದೆ ತಿನ್ನುತ್ತೇನೆ.

ಈ ಮಾತು ಈಗ ನೆನಪಿಗೆ ಬರಲು ಕಾರಣ ನನ್ನ ಬಾಲ್ಯದ ಗೆಳತಿ, ಅವಳ ಮಗ, ಮತ್ತು ನೆದರ್ಲೆಂಡ್ಸಿನ ಒಂದು ಕರಿದ ತಿಂಡಿ.

ಗೆಳತಿಯದು ಮಲಯಾಳ ಮಾತಾಡುವ ಮಾಪಿಳ್ಳೆ ಮನೆತನ. ಅವಳೂ ನಾನೂ ಒಂದೇ ಬೆಂಚಿನಲ್ಲಿ ಕೂತು ಓದಿದವರು. ಅವಳ ಮಗ ಎಂಜಿನಿಯರಿಂಗ್ ಮುಗಿಸಿ ಮೇಲಿನ ಓದಿಗೆ ಐಂಡ್‌ಹೋವನ್ ನಗರಕ್ಕೆ ಹೋಗಿದ್ದಾನೆ. ಒಂದು ಶನಿವಾರ ಸಂತೆಯಲ್ಲಿ ನಾವಿಬ್ಬರೂ ಸೊಪ್ಪು ಕೊಳ್ಳುತ್ತಿದ್ದಾಗ ಅವನ ವಿಡಿಯೊ ಕರೆ ಬಂತು. ಅಲ್ಲಿನ್ನೂ ಬೆಳಗು. ಹಿಂದಿನ ಸಂಜೆ ಜೊತೆಯ ಹುಡುಗರು ಅವನನ್ನು ಒಂದು ತಿಂಡಿ ಅಂಗಡಿಗೆ ಕರೆದೊಯ್ದು, ಕಂದು ಬಣ್ಣದ ಉದ್ದನೆಯ ಒಂದು ಕರಿದ ತಿಂಡಿಯನ್ನು ಕೈಗಿಟ್ಟಿದ್ದರಂತೆ. ಹೆಸರು ಫ್ರಿಕಾಂಡೆಲ್. "ತಿನ್ಲಿಲ್ಲ ಉಮ್ಮ. ಏನಿದೆ ಇದರಲ್ಲಿ ಅಂತ ಕೇಳಿದೆ. ಮಾಂಸ ಅಂದ್ರು. ಯಾವ ಮಾಂಸ ಅಂದೆ. ಒಬ್ಬರ ಮುಖ ಒಬ್ಬರು ನೋಡ್ಕೊಂಡ್ರು" ಎಂದ. ಅವನ ದನಿಯಲ್ಲಿ ಹಸಿವಿಗಿಂತ ಮುಜುಗರ ಹೆಚ್ಚಿತ್ತು. ಪ್ರೀತಿಯಿಂದ ಕೊಟ್ಟದ್ದನ್ನು ತಿರುಗಿಸಿ ಕೊಟ್ಟೆನಲ್ಲ ಎಂಬ ಸಂಕಟ. "ಆಂಟಿ, ನೀವೇ ಹೇಳಿ, ಕೇಳಿದ್ದು ತಪ್ಪಾ?" ಎಂದು ನನ್ನನ್ನೇ ಕೇಳಿದ.

ಆ ಪ್ರಶ್ನೆಯನ್ನು ಮನೆಗೆ ತಂದೆ. ಆ ತಿಂಡಿಯ ಬಗ್ಗೆ ಓದಿದೆ, ಅವನಿಂದಲೂ ವಾರವಾರ ಕೇಳಿ ತಿಳಿದುಕೊಂಡೆ.

ಫ್ರಿಕಾಂಡೆಲ್ 1950ರ ದಶಕದಲ್ಲಿ ರೂಪ ಪಡೆದ ತಿಂಡಿ. ಮಾಂಸವನ್ನು ನುಣ್ಣಗೆ ಅರೆದು, ಮಸಾಲೆ ಮತ್ತು ರಸ್ಕಿನ ಪುಡಿ ಬೆರೆಸಿ, ಸಿಪ್ಪೆಯಿಲ್ಲದ ಸಾಸೇಜಿನಂತೆ ಉದ್ದಕ್ಕೆ ಒತ್ತಿ, ಬೇಯಿಸಿ, ಹೆಪ್ಪುಗಟ್ಟಿಸಿ ಇಡುತ್ತಾರೆ. ಅಂಗಡಿಯಲ್ಲಿ ಅದು ನೇರ ಕಾದ ಎಣ್ಣೆಗೆ ಇಳಿಯುತ್ತದೆ. ನಡುವೆ ಉದ್ದಕ್ಕೆ ಸೀಳಿ, ಹೆಚ್ಚಿದ ಹಸಿ ಈರುಳ್ಳಿ, ಮೇಯನೇಸ್ ಮತ್ತು ಮಸಾಲೆ ಬೆರೆತ ಕೆಚಪ್ ತುಂಬಿದರೆ ಅದು 'ಸ್ಪೆಷಲ್'. ಆ ಕೆಚಪ್ಪಿಗೆ ಅಲ್ಲಿಯವರು ಇಟ್ಟ ಹೆಸರು 'ಕರಿ'. ಸಾಮಾನ್ಯವಾಗಿ ಅದರೊಳಗೆ ಇರುವುದು ಮೂಳೆಯಿಂದ ಯಂತ್ರ ಬಿಡಿಸಿದ ಕೋಳಿ ಮಾಂಸ, ಹಂದಿ ಮಾಂಸ, ಕೆಲವೊಮ್ಮೆ ದನದ ಮಾಂಸ. ಹಿಂದೆ ಕುದುರೆ ಮಾಂಸವೂ ಸೇರುತ್ತಿತ್ತು. ಅಲ್ಲಿಗೆ ಹುಡುಗನ ಪ್ರಶ್ನೆಗೆ ಉತ್ತರ ಸಿಕ್ಕಿತು. ಹಂದಿ ಬೆರೆತ ಫ್ರಿಕಾಂಡೆಲ್ ಹಲಾಲ್ ಅಲ್ಲ. ಹಂದಿಯಿಲ್ಲದೆ ಬರೀ ಕೋಳಿಯದೇ ಆಗಿದ್ದರೂ ಆ ಕೋಳಿಯನ್ನು ದೇವರ ಹೆಸರು ಹೇಳಿ ವಿಧಿಯಂತೆ ಕೊಯ್ದಿರಬೇಕು.

ಆದರೆ ನನ್ನನ್ನು ಕಾಡಿದ್ದು ಆ ಉತ್ತರವಲ್ಲ, ಆ ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡದ್ದು. ಅವರಲ್ಲಿ ವಂಚನೆ ಇರಲಿಲ್ಲ. ಚಿಕ್ಕಂದಿನಿಂದ ತಿಂದ ತಿಂಡಿಯೊಳಗೆ ಏನಿದೆ ಎಂದು ಅವರಿಗೇ ಗೊತ್ತಿರಲಿಲ್ಲ. ಆ ದೇಶದಲ್ಲಿ ಗೋಡೆಯಿಂದ ತಿಂಡಿ ತೆಗೆದು ತಿನ್ನುವ ಪದ್ಧತಿಯೇ ಇದೆ. ಆಮ್‌ಸ್ಟರ್‌ಡ್ಯಾಮಿನಲ್ಲಿ 1941ರಲ್ಲಿ ಬೇಕರಿಯಾಗಿ ಶುರುವಾದ ಫೆಬೊ ಎಂಬ ಅಂಗಡಿ ಅದಕ್ಕೆ ಹೆಸರುವಾಸಿ. ಗೋಡೆಯ ತುಂಬ ಅಂಚೆ ಪೆಟ್ಟಿಗೆಗಳಂಥ ಸಣ್ಣ ಗಾಜಿನ ಬಾಗಿಲುಗಳು, ಒಳಗೆ ಬಿಸಿ ಬಿಸಿ ತಿಂಡಿ. ಹಣ ಕೊಟ್ಟರೆ ಬಾಗಿಲು ತೆರೆಯುತ್ತದೆ. ಕರಿದವರು ಗೋಡೆಯ ಆಚೆ ಇರುತ್ತಾರೆ. ಕೆಲಸ ಮುಗಿಸಿ ರಾತ್ರಿ ಹಸಿದು ಬಂದವರಿಗೆ ಅದು ದೊಡ್ಡ ಅನುಕೂಲ. ಆದರೆ "ಅಕ್ಕಾ, ಇವತ್ತು ನಿಮಗೆ ಬೇಡ" ಎನ್ನಲು ಆ ಗೋಡೆಗೆ ಬಾಯಿಲ್ಲ.

ಅಲ್ಲಿ ಇನ್ನೊಂದು ತಿಂಡಿಯಿದೆ, ಕ್ರೋಕೆಟ್. ಅದರ ಗುಂಡನೆಯ ತಮ್ಮ ಬಿಟರ್‌ಬಾಲ್. ಬೆಣ್ಣೆಯಲ್ಲಿ ಮೈದಾ ಹುರಿದು, ಮಾಂಸದ ಸಾರು ಹೊಯ್ದು, ಮಾಂಸದ ಎಳೆಗಳನ್ನು ಬೆರೆಸಿ ಗಟ್ಟಿ ಗೊಜ್ಜಿನ ಹದಕ್ಕೆ ತರುತ್ತಾರೆ. ಅದನ್ನು ತಣ್ಣಗಾಗಿಸಿ, ಉಂಡೆ ಕಟ್ಟಿ, ಮೊಟ್ಟೆಯಲ್ಲಿ ಅದ್ದಿ, ಬ್ರೆಡ್ ಪುಡಿಯಲ್ಲಿ ಹೊರಳಿಸಿ ಕರಿಯುತ್ತಾರೆ. ಗೊಜ್ಜನ್ನು ಉಂಡೆ ಕಟ್ಟುವುದು ಹೇಗೆ? ತಣ್ಣಗಾದಾಗ ಗಟ್ಟಿಯಾಗಿ ಬಿಸಿಗೆ ಕರಗುವ ಜೆಲಟಿನ್ ಸೇರಿಸುವುದು ಒಂದು ಉಪಾಯ. ಕಚ್ಚಿದಾಗ ಒಳಗೆಲ್ಲ ಮೆತ್ತಗೆ ಹರಿಯುವುದು ಅದರಿಂದಲೇ. ಜೆಲಟಿನ್ ಪ್ರಾಣಿಯ ಚರ್ಮ ಮತ್ತು ಮೂಳೆಯಿಂದ ಬರುತ್ತದೆ. ಯೂರೋಪಿನಲ್ಲಿ ಅದು ಬಹುಪಾಲು ಹಂದಿಯ ಚರ್ಮದ್ದು. ಹಾಗಾಗಿ ಒಳಗಿನ ಮಾಂಸ ದನದ್ದೇ ಆದರೂ, ಅದನ್ನು ಹಿಡಿದಿಟ್ಟ ಅಂಟು ಯಾವುದೆಂಬ ಪ್ರಶ್ನೆ ಉಳಿಯುತ್ತದೆ. ಪೊಟ್ಟಣದ ಮೇಲೆ 'ಜೆಲಟಿನ್' ಎಂದಷ್ಟೇ ಬರೆದಿರುವುದೂ ಉಂಟು.

ಇದನ್ನು ಗೆಳತಿಗೆ ಹೇಳಿದಾಗ ಅವಳಿಗೆ ಕೂಡಲೇ ಅರ್ಥವಾಯಿತು. ರಂಜಾನ್ ತಿಂಗಳಲ್ಲಿ ಅವಳ ಮನೆಯಲ್ಲಿ ಉಪವಾಸ ಬಿಡುವ ಹೊತ್ತಿಗೆ ಹಾಲಿನ ಪುಡ್ಡಿಂಗ್ ಮಾಡುತ್ತಾರೆ, ಚೈನಾ ಗ್ರಾಸ್ ಹಾಕಿ. ಚೈನಾ ಗ್ರಾಸ್ ಎಂದರೆ ಸಮುದ್ರದ ಪಾಚಿಯಿಂದ ತೆಗೆದದ್ದು. ಅದೂ ತಣ್ಣಗಾದಾಗ ಗಟ್ಟಿಯಾಗುತ್ತದೆ. ಅದಕ್ಕೇ ಆ ಪುಡ್ಡಿಂಗ್ ನನಗೂ ಆಗುತ್ತದೆ, ಅವಳಿಗೂ ಆಗುತ್ತದೆ. ಇಷ್ಟು ವರ್ಷ ನಾವಿಬ್ಬರೂ ಒಂದೇ ತಟ್ಟೆಯಿಂದ ತಿಂದ ಆ ಸಿಹಿಯನ್ನು ಒಂದಾಗಿ ಹಿಡಿದದ್ದು ಕಡಲಿನ ಸೊಪ್ಪು ಎಂದು ಅವತ್ತು ಮೊದಲ ಬಾರಿ ಯೋಚಿಸಿದೆವು.

ಜೆಲಟಿನ್ ಬಗ್ಗೆ ಇಸ್ಲಾಮಿನ ಪಂಡಿತರಲ್ಲೇ ಚರ್ಚೆಯಿದೆ. ಒಂದು ವಸ್ತು ತನ್ನ ಮೂಲರೂಪ ಕಳೆದುಕೊಂಡು ಪೂರ್ತಿ ಬೇರೆಯಾದರೆ ಅದರ ಅಶುದ್ಧಿಯೂ ಹೋಗುತ್ತದೆಯೇ ಎಂಬುದು ಪ್ರಶ್ನೆ. ಹನಫಿ ಪಂಥದಲ್ಲಿ ಈ ತತ್ವಕ್ಕೆ ಹೆಚ್ಚು ಜಾಗವಿದೆ. ನಮ್ಮ ಕಡೆಯ ಮಾಪಿಳ್ಳೆಗಳು, ಬ್ಯಾರಿಗಳು ಅನುಸರಿಸುವ ಶಾಫಿ ಪಂಥದಲ್ಲಿ ಜಾಗ ಕಿರಿದು. ಹೆಂಡ ತಾನಾಗಿ ಹುಳಿತು ವಿನೆಗರ್ ಆದರೆ ಸರಿ, ಹದ ಮಾಡಿದ ಚರ್ಮವಾದರೆ ಸರಿ, ಆದರೆ ಹಂದಿಯ ಚರ್ಮ ಹದ ಮಾಡಿದರೂ ಶುದ್ಧವಾಗದು. ಹಂದಿ ಮುಟ್ಟಿದ ಪಾತ್ರೆಯನ್ನು ಏಳು ಸಲ ತೊಳೆಯಬೇಕು, ಅದರಲ್ಲಿ ಒಂದು ಸಲ ಮಣ್ಣು ಬೆರೆಸಿದ ನೀರಿನಲ್ಲಿ. ಹಂದಿ ಮಾಂಸವನ್ನು ಹಬ್ಬದೂಟದ ಹೆಮ್ಮೆಯಾಗಿ ಉಣ್ಣುವ ಕೊಡಗಿನಲ್ಲಿ ಈ ನಿಯಮ ಪಾಲಿಸುವವರು ತಲೆತಲಾಂತರದಿಂದ ನೆರೆಹೊರೆಯವರಾಗಿ ಬದುಕಿದ್ದಾರೆ. ಇದು ಸಣ್ಣ ಸಂಗತಿಯಲ್ಲ.

ಅದು ಹೇಗೆ ಸಾಧ್ಯವಾಯಿತು ಎಂಬುದನ್ನು ನಾನು ಒಂದು ಕೊಡವ ಮದುವೆಯಲ್ಲಿ ಕಣ್ಣಾರೆ ಕಂಡೆ. ಮಂಟಪದ ಹಿಂದೆ ಅಡುಗೆಯ ಚಪ್ಪರ ಎರಡಿದ್ದವು. ಒಂದರಲ್ಲಿ ಪಂದಿ ಕರಿ ಕಾಚಂಪುಳಿಯ ಹುಳಿಯಲ್ಲಿ ಕಪ್ಪಗೆ ಕುದಿಯುತ್ತಿತ್ತು. ಇನ್ನೊಂದರಲ್ಲಿ ಬೇರೆ ಒಲೆ, ಬೇರೆ ಪಾತ್ರೆ, ಬೇರೆ ಭಟ್ಟರು. ಮದುಮಗಳ ದೊಡ್ಡಪ್ಪ ಕಪ್ಪು ಕುಪ್ಯ ತೊಟ್ಟು ಎರಡರ ನಡುವೆ ನಿಂತಿದ್ದರು. "ಆ ಕಡೆ ಸೌಟು ಈ ಕಡೆ ಬರಬಾರದು. ನಮ್ಮ ಮಾತು ನಂಬಿ ಊಟಕ್ಕೆ ಕೂತಿದಾರೆ" ಎಂದು ಹುಡುಗರಿಗೆ ಹೇಳುತ್ತಿದ್ದರು. ಅವರ ಮುಸಲ್ಮಾನ ಗೆಳೆಯರು ಅಂದು ಪ್ರಶ್ನೆ ಕೇಳದೆ ಉಂಡರು. ಅವರ ಪರವಾಗಿ ಪ್ರಶ್ನೆಯನ್ನು ಮನೆಯ ಹಿರಿಯರೇ ಕೇಳಿ ಮುಗಿಸಿದ್ದರು.

ಬಯಲುಸೀಮೆಯ, ಮಲೆನಾಡಿನ ಹಳ್ಳಿಗಳಲ್ಲೂ ಇಂಥದೇ ಒಂದು ರೂಢಿಯನ್ನು ನಾವೆಲ್ಲ ನೋಡಿದ್ದೇವೆ. ಬೀಗರೂಟಕ್ಕೋ ಊರ ಹಬ್ಬಕ್ಕೋ ಕುರಿ ಕಡಿಯುವಾಗ, ಸಾಬರ ಮನೆಯಿಂದ ಒಬ್ಬರನ್ನು ಕರೆಸಿ ಅವರ ಕೈಯಲ್ಲಿ ಕೊಯ್ಯಿಸುತ್ತಿದ್ದರು. ಕೊಯ್ಯಿಸುವ ಗೌಡರಿಗೆ ಅದರ ಅಗತ್ಯವಿರಲಿಲ್ಲ. ಊಟಕ್ಕೆ ಬರುವ ನಾಲ್ಕು ಮನೆಯವರು ಎಲೆಯ ಮುಂದೆ ಕೂತು ಹಿಂಜರಿಯಬಾರದು ಎಂಬುದಷ್ಟೇ ಉದ್ದೇಶ. ಊಟವನ್ನೇ ಮಾಡದವರಿಗೆ ಪಡಿ ಕೊಡುವ ಪದ್ಧತಿಯೂ ಇತ್ತು. ಅಕ್ಕಿ, ಬೇಳೆ, ಬೆಲ್ಲ, ತರಕಾರಿ ಮೊರದಲ್ಲಿಟ್ಟು ಕೊಡುವುದು, ಅವರು ತಮ್ಮ ಒಲೆಯಲ್ಲಿ ಬೇಯಿಸಿಕೊಂಡು ಉಣ್ಣುವುದು. ನನ್ನ ಅಜ್ಜಿ ಎಷ್ಟೋ ಮನೆಗಳಿಂದ ಹಾಗೆ ಪಡಿ ತಂದಿದ್ದಾಳೆ.

ಅಜ್ಜಿಯ ಮಾತು ಬಂದ ಮೇಲೆ ನಮ್ಮ ಮನೆಯ ಒಂದು ಕತ್ತಲೆ ಮೂಲೆಯನ್ನೂ ತೋರಿಸಬೇಕು. ಅಜ್ಜಿ ಲಿಂಗಪೂಜೆಯಾಗದೆ ನೀರು ಮುಟ್ಟದವಳು. ಸಂತೆಯಲ್ಲಿ ಕಡ್ಲೆಪುರಿ, ಬಾಳೆಹಣ್ಣು ಬಿಟ್ಟು ಬೇರೇನೂ ತಿನ್ನುತ್ತಿರಲಿಲ್ಲ. ನಾನು ಯಾರ ಮನೆಯಿಂದ ಏನು ತಿಂದು ಬಂದರೂ ಅವಳು ಕೇಳುತ್ತಿದ್ದುದು ಎರಡು ಪ್ರಶ್ನೆ. "ಏನು ಹಾಕಿ ಮಾಡಿದ್ರು?" ಎಂಬುದೊಂದು. "ಯಾರು ಮಾಡಿದ್ರು?" ಎಂಬುದು ಇನ್ನೊಂದು. ಚಿಕ್ಕವಳಿದ್ದಾಗ ಎರಡೂ ಒಂದೇ ಪ್ರಶ್ನೆ ಎಂದುಕೊಂಡಿದ್ದೆ. ಬೆಳೆದ ಮೇಲೆ ಅವುಗಳ ನಡುವಿನ ದೂರ ಕಂಡಿತು. ಮೊದಲನೆಯದು ಪಾತ್ರೆಯೊಳಗೆ ನೋಡುವ ಪ್ರಶ್ನೆ. ಎರಡನೆಯದು ಮನುಷ್ಯನನ್ನು ಅಳೆಯುವ ಪ್ರಶ್ನೆ. ಮೊದಲನೆಯದಕ್ಕೆ ನಿಜವಾದ ಉತ್ತರ ಸಿಕ್ಕರೆ ಊಟ ಮುಂದುವರಿಯುತ್ತದೆ. ಎರಡನೆಯದಕ್ಕೆ ನಮ್ಮ ಹಳ್ಳಿಗಳಲ್ಲಿ ಸಿಗುತ್ತಿದ್ದ ಉತ್ತರ ಎಷ್ಟೋ ಜನರನ್ನು ಅಂಗಳದಲ್ಲೇ ನಿಲ್ಲಿಸಿದೆ, ಬೇರೆ ಲೋಟದಲ್ಲಿ ಕಾಫಿ ಕುಡಿಸಿದೆ. ನಮ್ಮ ಮನೆಯೂ ಆ ತಪ್ಪು ಮಾಡಿದೆ. ಜಾತಿ ನೋಡಬೇಡಿ ಎಂದು ಸಾರಿದ ಬಸವಣ್ಣನವರ ಹೆಸರು ಹೇಳುತ್ತಲೇ ಮಾಡಿದೆ. ಅದನ್ನು ಮುಚ್ಚಿಟ್ಟು ಹಲಾಲ್ ಬಗ್ಗೆ ಮಾತಾಡುವ ಯೋಗ್ಯತೆ ನನಗಿಲ್ಲ.

ಹಲಾಲಿನಲ್ಲೂ 'ಯಾರು' ಎಂಬ ಪ್ರಶ್ನೆ ಒಂದು ಜಾಗದಲ್ಲಿದೆ, ಪ್ರಾಣಿಯನ್ನು ಕೊಯ್ಯುವ ಜಾಗದಲ್ಲಿ. ಆ ಕೈಗೆ ಒಂದು ನಂಬಿಕೆ ಇರಬೇಕು, ಆ ಬಾಯಿ ದೇವರನ್ನು ನೆನೆಯಬೇಕು ಎಂಬ ನಿಯಮವಿದೆ. ಕೊಲ್ಲುವುದು ಹಗುರವಾದ ಕೆಲಸವಲ್ಲ ಎಂಬ ಎಚ್ಚರ ಅದರಲ್ಲಿದೆ ಎಂದು ನಾನು ಅರ್ಥಮಾಡಿಕೊಂಡಿದ್ದೇನೆ. ಆದರೆ ಬಾಣಲೆಯ ಮುಂದೆ ನಿಂತವರ ಜಾತಿಯನ್ನು ಅದು ಕೇಳುವುದಿಲ್ಲ. ನಾನು ಮಾಡಿದ ಒಬ್ಬಟ್ಟನ್ನು ಗೆಳತಿ ನಲವತ್ತು ವರ್ಷಗಳಿಂದ ತಿನ್ನುತ್ತಿದ್ದಾಳೆ.

2022ರ ಯುಗಾದಿಯ ಹೊತ್ತು ನೆನಪಾಗುತ್ತದೆ. ಆ ವರ್ಷ ಹಬ್ಬ ಏಪ್ರಿಲ್ 2ಕ್ಕೆ ಬಿತ್ತು. ಮರುದಿನ ಹೊಸತೊಡಕು, ರಾಜ್ಯದ ಬಹಳ ಮನೆಗಳಲ್ಲಿ ಮಾಂಸದೂಟದ ದಿನ. ಹಲಾಲ್ ಮಾಂಸ ಕೊಳ್ಳಬೇಡಿ ಎಂದು ಕೆಲವು ಸಂಘಟನೆಗಳು ಕರೆ ಕೊಟ್ಟವು. ಹಲಾಲ್ ಕಟ್, ಜಟ್ಕಾ ಕಟ್ ಎಂಬ ಮಾತುಗಳು ಟಿವಿಯಲ್ಲಿ ದಿನವಿಡೀ ಓಡಾಡಿದವು. ತನ್ನ ದೇವರಿಗೆ ಅರ್ಪಿಸಿದ ಮಾಂಸವನ್ನಷ್ಟೇ ತಿನ್ನುತ್ತೇನೆ, ಬೇರೆಯವರ ವಿಧಿಯದು ಬೇಡ ಎನ್ನುವ ಹಕ್ಕು ಯಾರಿಗೂ ಇದೆ. ಅದನ್ನು ನಾನು ಗೌರವಿಸುತ್ತೇನೆ. ಆದರೆ ಆ ದಿನಗಳಲ್ಲಿ ನನಗೆ ನೋವಾದದ್ದು ಬೇರೆ ಕಾರಣಕ್ಕೆ. 'ಏನು ಹಾಕಿದೆ' ಎಂದು ಒಲೆಯ ಮುಂದೆ ಮೆಲ್ಲಗೆ ಕೇಳಬೇಕಾದ ಪ್ರಶ್ನೆ ಬೀದಿಗೆ ಬಂದು 'ಯಾರು ಮಾರುತ್ತಿದ್ದಾರೆ' ಎಂಬ ಪ್ರಶ್ನೆಯಾಯಿತು. ಅಜ್ಜಿಯ ಎರಡನೆಯ ಪ್ರಶ್ನೆ ಮೊದಲನೆಯದರ ವೇಷ ಹಾಕಿಕೊಂಡು ಬಂತು. ಆ ವಾರ ಗೆಳತಿ ಸಂತೆಯಲ್ಲಿ ನನ್ನ ಕೈ ಹಿಡಿದುಕೊಂಡೇ ನಡೆದಳು. ಇಬ್ಬರೂ ಏನೂ ಮಾತಾಡಲಿಲ್ಲ.

ಊಟದ ಪ್ರಶ್ನೆ ಮುಸಲ್ಮಾನರೊಬ್ಬರದೇ ಅಲ್ಲ ಎಂಬುದಕ್ಕೆ ದೂರದ ಒಂದು ಉದಾಹರಣೆ ಸಾಕು. ಅಮೆರಿಕದಲ್ಲಿ ಮೆಕ್‌ಡೊನಾಲ್ಡ್ಸ್ ಕಂಪನಿ ತನ್ನ ಆಲೂ ಫ್ರೈಗಳನ್ನು ಮೊದಲು ದನದ ಕೊಬ್ಬಿನಲ್ಲಿ ಕರಿಯುತ್ತಿತ್ತು. 1990ರಲ್ಲಿ ಸಸ್ಯದ ಎಣ್ಣೆಗೆ ಬದಲಾಯಿಸಿದ್ದಾಗಿ ಹೇಳಿತು. ಅದನ್ನು ನಂಬಿ ಅಲ್ಲಿ ನೆಲೆಸಿದ ಎಷ್ಟೋ ಹಿಂದೂಗಳು, ಜೈನರು, ಸಸ್ಯಾಹಾರಿಗಳು ಮಕ್ಕಳಿಗೆ ಫ್ರೈ ಕೊಡಿಸಿದರು. ಎಣ್ಣೆ ಬದಲಾದರೂ ರುಚಿಗೆಂದು ದನದ ಮಾಂಸದ ಸಾರ ಸೇರುತ್ತಲೇ ಇದೆ ಎಂಬುದು ಆಮೇಲೆ ಬಯಲಾಯಿತು. 2001ರಲ್ಲಿ ಸಿಯಾಟಲ್‌ನಲ್ಲಿ ಮೊಕದ್ದಮೆ ಹೂಡಿದರು. 2002ರಲ್ಲಿ ಕಂಪನಿ ಕ್ಷಮೆ ಕೇಳಿ, 1 ಕೋಟಿ ಡಾಲರ್ ಕೊಡಲು ಒಪ್ಪಿತು. ಆ ಸುದ್ದಿ ಓದಿದಾಗ ಇಲ್ಲಿ ನಮ್ಮ ಮನೆಯಲ್ಲಿ ಕೂಡ ಹೊಟ್ಟೆ ತೊಳಸಿತ್ತು. ತಿಂದವರಿಗೆ ಜ್ವರ ಬರಲಿಲ್ಲ, ಮೈಗೇನೂ ಆಗಲಿಲ್ಲ. ಆದರೂ ಅವರೊಳಗೆ ಏನೋ ಮುರಿಯಿತು. ಮುರಿದದ್ದು ಕೊಟ್ಟವರ ಮಾತು.

ಆ ಹುಡುಗನಿಗೂ ಆಲೂಗಡ್ಡೆಯದೇ ಚಿಂತೆ ಹತ್ತಿತು. ಫ್ರಿಕಾಂಡೆಲ್ ಬೇಡ, ಬರೀ ಆಲೂ ಫ್ರೈ ತಿನ್ನೋಣ ಎಂದುಕೊಂಡರೆ ಅದನ್ನು ಕರಿಯುವುದು ಯಾವುದರಲ್ಲಿ? ಹಾಲೆಂಡ್, ಬೆಲ್ಜಿಯಮ್ ಕಡೆ ಆಲೂಗಡ್ಡೆಯನ್ನು ದನದ ಕೊಬ್ಬಿನಲ್ಲಿ ಕರಿಯುವ ಹಳೆಯ ಪದ್ಧತಿಯಿದೆ. ಈಗ ಬಹಳ ಅಂಗಡಿಗಳಲ್ಲಿ ಸಸ್ಯದ ಎಣ್ಣೆ ಬಂದಿದೆ. ಆದರೆ ಹಂದಿ ಬೆರೆತ ಫ್ರಿಕಾಂಡೆಲ್ ಮಿಂದ ಎಣ್ಣೆಯಲ್ಲೇ ಆಲೂಗಡ್ಡೆಯನ್ನೂ ಬಿಟ್ಟರೆ ಅದೂ ಅವನಿಗೆ ಆಗದು. ಕೆಲವರು ಆಲೂಗಡ್ಡೆಗೇ ಬೇರೆ ಕೊಪ್ಪರಿಗೆ ಇಡುತ್ತಾರೆ, ಕೆಲವರು ಇಡುವುದಿಲ್ಲ. ನಮ್ಮ ಸಂತೆಯ ಮೊಟ್ಟೆ ಬೋಂಡದ ಪ್ರಶ್ನೆ ಅಕ್ಷರ ಬದಲಾಗದೆ ಐಂಡ್‌ಹೋವನ್ ತನಕ ಹೋಗಿತ್ತು. ನಮ್ಮಲ್ಲಿ 2001ರಿಂದ ಪೊಟ್ಟಣಗಳ ಮೇಲೆ ಸಸ್ಯಾಹಾರದ ಹಸಿರು ಚುಕ್ಕೆ ಬಂದಿದೆ. ಹಸಿರು ಇದ್ದರೆ ನನಗೆ ನೆಮ್ಮದಿ. ಆದರೆ ಕಾದ ಎಣ್ಣೆಯ ಮೇಲೆ ಚುಕ್ಕೆ ಇಡಲು ಯಾವ ಸರ್ಕಾರದಿಂದಲೂ ಆಗುವುದಿಲ್ಲ. ಅಲ್ಲಿ ಮನುಷ್ಯನ ಮಾತೇ ಚುಕ್ಕೆ.

"ಅಲ್ಲಿ ನಮ್ಮವರು ಯಾರೂ ಇಲ್ವಾ?" ಎಂದು ಗೆಳತಿ ಮಗನನ್ನು ಕೇಳಿದಳು. ಇದ್ದರು. ತುರ್ಕಿ ಮತ್ತು ಮೊರಾಕ್ಕೊದಿಂದ 1960ರ ದಶಕದಲ್ಲಿ ಕಾರ್ಖಾನೆಗಳ ಕೆಲಸಕ್ಕೆಂದು ಹೋದವರ ಮಕ್ಕಳು, ಮೊಮ್ಮಕ್ಕಳು ಆ ದೇಶದಲ್ಲಿ ತುಂಬಿದ್ದಾರೆ. ಅವರು ಅಲ್ಲಿಯ ಶಾಲೆಯಲ್ಲೇ ಕಲಿತು, ಅಲ್ಲಿಯ ತಿಂಡಿಯ ವಾಸನೆಗೇ ಬಾಯಲ್ಲಿ ನೀರೂರಿಸಿಕೊಂಡು ಬೆಳೆದವರು. ಅವರಿಗಾಗಿ ಹಂದಿಯಿಲ್ಲದ, ವಿಧಿಯಂತೆ ಕೊಯ್ದ ಕೋಳಿ ಅಥವಾ ದನದ ಮಾಂಸದ ಹಲಾಲ್ ಫ್ರಿಕಾಂಡೆಲ್ ಈಗ ಅಂಗಡಿಗಳಲ್ಲಿ ಸಿಗುತ್ತದೆ. ಮಾಂಸವೇ ಇಲ್ಲದ್ದೂ ಇದೆ. ರಾಟರ್‌ಡ್ಯಾಮಿನಲ್ಲಂತೂ 2003ರ ಸುಮಾರಿಗೆ ಒಂದು ಹೊಸ ತಿಂಡಿಯೇ ಹುಟ್ಟಿತು. ಕೇಪ್ ವರ್ಡ್ ಮೂಲದ ಕ್ಷೌರಿಕ ನಥಾನಿಯಲ್ ಗೋಮೆಸ್ ಪಕ್ಕದ ಶವರ್ಮಾ ಅಂಗಡಿಯವರಿಗೆ ತನಗಿಷ್ಟವಾದದ್ದನ್ನೆಲ್ಲ ಒಂದೇ ತಟ್ಟೆಗೆ ಹಾಕಿಕೊಡಲು ಹೇಳುತ್ತಿದ್ದ. ಆಲೂ ಫ್ರೈ, ಮೇಲೆ ಶವರ್ಮಾ, ಅದರ ಮೇಲೆ ಕರಗಿದ ಚೀಸ್, ಸೊಪ್ಪು. ಅದಕ್ಕೆ ಕಪ್ಸಲೊನ್, ಅಂದರೆ ಕ್ಷೌರದಂಗಡಿ ಎಂದೇ ಹೆಸರಾಯಿತು. ಈಗ ಅದು ಆ ದೇಶದ ತುಂಬ ಸಿಗುವ ತಿಂಡಿ.

ಹಾಗೆ ನೋಡಿದರೆ ಈ ಹೊಂದಾಣಿಕೆ ಹೊಸದಲ್ಲ. ಡಚ್ಚರು ಹಡಗಿನಲ್ಲಿ ಬಂದು ಸಿಂಹಳ, ಜಾವಾಗಳನ್ನು ಆಳಿದಾಗ ಫ್ರಿಕಾಡೆಲ್ ಎಂಬ ತಮ್ಮ ಮಾಂಸದುಂಡೆಯನ್ನೂ ತಂದರು. ಫ್ರಿಕಾಂಡೆಲ್‌ಗೆ ಹೆಸರು ಕೊಟ್ಟದ್ದು ಅದೇ. ಸಿಂಹಳದಲ್ಲಿ ಅದು ಬಾಳೆಯೆಲೆಯಲ್ಲಿ ಕಟ್ಟಿ ಬೇಯಿಸುವ ಲ್ಯಾಂಪ್ರೈಸ್ ಎಂಬ ಅನ್ನದ ಪೊಟ್ಟಣದೊಳಗೆ ಇಂದಿಗೂ ಕೂತಿದೆ. ಇಂಡೊನೇಷ್ಯಾದಲ್ಲಿ ಅದರ ಹೆಸರು ಪರ್ಕೆಡೆಲ್ ಆಯಿತು. ಮಾಂಸದ ಬದಲು ಬೇಯಿಸಿ ಮಸೆದ ಆಲೂಗಡ್ಡೆ ಬಂತು, ಮೇಲೆ ಮೊಟ್ಟೆಯ ಲೇಪ. ಪ್ರಪಂಚದಲ್ಲೇ ಹೆಚ್ಚು ಮುಸಲ್ಮಾನರಿರುವ ದೇಶ ಅದು. ಅಲ್ಲಿಯ ತಾಯಂದಿರು ಪರದೇಶದ ತಿಂಡಿಯನ್ನು ತಳ್ಳಿಹಾಕಲಿಲ್ಲ. ಒಳಗೇನಿದೆ ಎಂದು ನೋಡಿ, ಆಗದ್ದನ್ನು ತೆಗೆದು, ಆಗುವುದನ್ನು ತುಂಬಿ ತಮ್ಮದು ಮಾಡಿಕೊಂಡರು. ನಮ್ಮ ಬೇಕರಿಯ ಆಲೂ ಕಟ್ಲೆಟ್ ಕೂಡ ಹೀಗೇ ಯೂರೋಪಿನ ಮಾಂಸದಡುಗೆಯ ಹೆಸರನ್ನು ಹೊತ್ತು ನಮ್ಮ ಬಾಯಿಗೆ ಬಂದದ್ದು.

ಮುಂದಿನ ಕರೆಯಲ್ಲಿ ಹುಡುಗನಿಗೆ ಹೇಳಿದೆ. "ಕೇಳಿದ್ದು ತಪ್ಪಲ್ಲ ಕಣಪ್ಪ. ನಂಬದವರ ಹತ್ತಿರ ನಾವು ಕೇಳೋದೇ ಇಲ್ಲ, ಸುಮ್ಮನೆ ಎದ್ದು ಬರ್ತೀವಿ. ನೀನು ಕೇಳಿದೀಯ ಅಂದ್ರೆ ಅವರ ಜೊತೆ ಕೂತು ತಿನ್ನಬೇಕು ಅಂತ ನಿಂಗೆ ಆಸೆ ಇದೆ ಅಂತಲೇ ಅರ್ಥ. ಅದನ್ನೂ ಅವರಿಗೆ ಹೇಳು."

ಅವನು ಹೇಳಿದನಂತೆ. ಅದಾದ ವಾರ ಅವನ ಜೊತೆ ಓದುವ ಅಲ್ಲಿಯದೇ ಹುಡುಗನೊಬ್ಬ ತನ್ನ ಕೋಣೆಗೆ ಕರೆದ. ಮೇಜಿನ ಮೇಲೆ ತರಕಾರಿ ಕ್ರೋಕೆಟ್‌ನ ಒಂದು ಪೊಟ್ಟಣ. ಅದನ್ನು ತಿರುಗಿಸಿ ಹಿಡಿದು ಹಿಂದೆ ಬರೆದ ಪದಾರ್ಥಗಳನ್ನೆಲ್ಲ ಒಂದೊಂದಾಗಿ ಓದಿ, ಇಂಗ್ಲಿಷಿನಲ್ಲಿ ಅರ್ಥ ಹೇಳಿದ. ಡಚ್ ಭಾಷೆಯಲ್ಲಿ ಹಂದಿ ಮಾಂಸಕ್ಕೆ ವಾರ್ಕನ್ಸ್‌ವ್ಲೇಸ್ ಎನ್ನುತ್ತಾರೆ, ಇನ್ನು ಮುಂದೆ ಅಂಗಡಿಯಲ್ಲಿ ಆ ಪದ ಹುಡುಕು ಎಂದು ಕಾಗದದಲ್ಲಿ ಬರೆದುಕೊಟ್ಟ. ಎಣ್ಣೆಯ ಗೊಡವೆ ಬೇಡವೆಂದು, ಓವನ್ನಿನ ತಟ್ಟೆಗೆ ಹೊಸ ಕಾಗದ ಹಾಸಿ ಬೇಯಿಸಿದ. ಇಬ್ಬರೂ ಸಾಸಿವೆ ಹಚ್ಚಿಕೊಂಡು ತಿಂದರಂತೆ. "ತುಂಬ ಬಿಸಿ ಇತ್ತು ಉಮ್ಮ, ನಾಲಿಗೆ ಸುಟ್ಕೊಂಡೆ" ಎಂದು ಅವನು ನಕ್ಕಾಗ ಗೆಳತಿಯ ಕಣ್ಣು ತುಂಬಿತು. "ಆ ಹುಡುಗನ ಉಮ್ಮ ಚೆನ್ನಾಗಿ ಬೆಳೆಸಿದಾಳೆ" ಎಂದಳು.

ಆ ಮಾತಿನಲ್ಲಿ ನನಗೆ ಅವಳ ಉಮ್ಮನೇ ಕಂಡರು. ಅವರ ಅಡುಗೆಮನೆಯ ಗೂಡಿನಲ್ಲಿ ಒಂದು ಸಣ್ಣ ಹಿತ್ತಾಳೆ ಪಾತ್ರೆ ಬೇರೆಯಾಗಿ ಇರುತ್ತಿತ್ತು. ಅದರ ಹಿಡಿಗೆ ಕೆಂಪು ದಾರ. ಈದ್ ದಿನ ನನ್ನ ಪಾಲಿನ ಪಾಯಸ ಅದರಲ್ಲೇ ಆಗುತ್ತಿತ್ತು, ಅದರಲ್ಲಿ ಮಾಂಸ ಎಂದೂ ಬೇಯುತ್ತಿರಲಿಲ್ಲ. ನಾನು ಒಮ್ಮೆಯೂ ಕೇಳಿದ್ದಿಲ್ಲ, ಅವರು ಒಮ್ಮೆಯೂ ಹೇಳಿದ್ದಿಲ್ಲ. ದಾರ ಯಾಕೆ ಎಂದು ಗೆಳತಿ ನನಗೆ ಹೇಳಿದ್ದು ಅವರು ತೀರಿಕೊಂಡ ಮೇಲೆ. ಅಜ್ಜಿಯ 'ಯಾರು' ಎಂಬ ಪ್ರಶ್ನೆಗೆ ನಾನು ಆವತ್ತೇ ಮನಸ್ಸಿನಲ್ಲಿ ಉತ್ತರ ಕೊಟ್ಟೆ. ಇಂಥವರು ಮಾಡಿದ್ದು ಅಜ್ಜಿ, ಇಂಥವರು.

ಹೋದ ಶನಿವಾರ ಗೆಳತಿ ಸಂತೆಗೆ ಬಂದಾಗ ಕೈಯಲ್ಲಿ ಒಂದು ಪಾರ್ಸೆಲ್ ಇತ್ತು. ಮಗನ ಆ ಗೆಳೆಯನಿಗೆ ಏನಾದರೂ ಕಳಿಸಬೇಕು, ಏನು ಕಳಿಸಲಿ ಎಂದು ಎರಡು ವಾರ ಯೋಚಿಸಿ, ಕೊನೆಗೆ ಕಾಫಿಪುಡಿ ಎಂದು ತೀರ್ಮಾನಿಸಿದ್ದಳು. ಯೆಮನ್‌ನಿಂದ ಬಾಬಾಬುಡನ್ ತಂದರೆಂದು ನಾವು ನಂಬುವ ಬೀಜ ನಮ್ಮ ಬೆಟ್ಟಗಳಲ್ಲಿ ಬೇರು ಬಿಟ್ಟಿತು. 1690ರ ದಶಕದಲ್ಲಿ ಮಲಬಾರಿನಿಂದ ಕಾಫಿ ಸಸಿಗಳನ್ನು ಜಾವಾಕ್ಕೆ ಒಯ್ದವರು ಅದೇ ಡಚ್ಚರು. ಇದನ್ನು ಹೇಳಿದಾಗ ಗೆಳತಿಗೆ ಹಿಗ್ಗು. "ಹಂಗಾದ್ರೆ ಅವರ ಮನೆಗೆ ನಾವೇನೂ ಹೊಸಬರಲ್ಲ" ಎಂದಳು.

ಪಾರ್ಸೆಲ್ ಮೇಲೆ ವಿಳಾಸ ಬರೆಯುವುದು ನನ್ನ ಕೆಲಸ. ಬರೆದು ಮುಗಿಸಿ ಪೆನ್ನು ಮುಚ್ಚಲು ಹೋದಾಗ ಅವಳು ತಡೆದಳು.

"ಒಳಗೆ ಏನಿದೆ ಅಂತಾನೂ ಬರಿಯೇ. ಆ ಹುಡುಗನೂ ಕೇಳೋ ಹಂಗಾಗಬಾರದು."

ಬೋಂಡದ ಗಾಡಿಯ ಅಂಚಿನ ಮೇಲೆ ಪೊಟ್ಟಣ ಇಟ್ಟುಕೊಂಡು ಬರೆದೆ. ಬರೀ ಕಾಫಿ, ಚಿಕೋರಿ ಹಾಕಿಲ್ಲ.